ಮತ್ತೆ ಬಂದರೆ

ಕಟಿಂಗ್ ಮಾಸ್ಟರಿಗೆ ಕಾಯಿಲೆ ಇರಲಿಲ್ಲ. ಮೂರು ಆಸ್ಪತ್ರೆ ಅಲೆದು, ಎದೆಗೆ ತಂತಿ ಅಂಟಿಸಿಕೊಂಡು, ಎರಡು ಸಲ ರಕ್ತ ಕೊಟ್ಟ ಮೇಲೆ ಸಿಕ್ಕಿದ್ದು ಇದೇ ಮಾತು. ಮೂರನೆಯ ಡಾಕ್ಟರು ವಯಸ್ಸಾದವರು. ಕಾಗದ ಮಡಚಿ ಅವನ ಕೈಗಿಟ್ಟು ಹೇಳಿದ್ದರು:

"ನಿನ್ನ ಹೃದಯ ಗುಂಡುಕಲ್ಲು ಕಣಯ್ಯ. ಅವತ್ತು ಬಂದಿದ್ದು ಬರೀ ಗಾಬರಿ. ಮತ್ತೆ ಬಂದ್ರೂ ಸಾಯಲ್ಲ, ಹತ್ತು ನಿಮಿಷಕ್ಕೆ ತಾನೇ ಇಳಿಯುತ್ತೆ. ಅದನ್ನೇ ಕಾಯ್ತಾ ಕೂತ್ಕೋಬೇಡ."

ಇಷ್ಟರಲ್ಲಿ ಅವನ ಕಿವಿಗೆ ಬಿದ್ದದ್ದು ಎರಡೇ ಪದ: ಮತ್ತೆ ಬಂದ್ರೂ. ಅಂದರೆ ಬರುತ್ತದೆ.

ಮೊದಲ ಸಲ ಬಂದದ್ದು ಗಾರ್ಮೆಂಟ್ಸಿನಲ್ಲಿ, ಕತ್ತರಿಸುವ ಟೇಬಲ್ಲಿನ ಎದುರಿಗೇ. ಪದರ ಪದರವಾಗಿ ಹಾಸಿದ ಬಟ್ಟೆಯೊಳಗೆ ಮಿಷನ್ನಿನ ಚಾಕು ಅರ್ಧ ದೂರ ಹೋಗಿತ್ತು. ಯಾರೋ ಎದೆಯ ಮೇಲೆ ಮೂಟೆ ಇಳಿಸಿದ ಹಾಗಾಯಿತು. ಕೈ ಜೋಮು ಹಿಡಿಯಿತು, ಕಿವಿ ಗುಂಯ್ ಅಂದಿತು, ಟ್ಯೂಬ್‌ಲೈಟು ದೂರ ದೂರ ಸರಿಯಿತು. ಸತ್ತೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಸ್ವಿಚ್ಚು ಆರಿಸಿದವಳು ಬಟ್ಟೆ ಹಾಸುವವಳು, ಎಲ್ಲರ ಬಾಯಲ್ಲಿ ಉದ್ದಕ್ಕ. ಆರಡಿ ಹೆಂಗಸು, ಅವನ ಕಂಕುಳಿಗೆ ಕೈಕೊಟ್ಟು ಎತ್ತಿ ಬಾಗಿಲ ಹತ್ತಿರ ಕೂರಿಸಿದ್ದಳು.

ಕೆಲಸಕ್ಕೆ ವಾಪಸಾದ ದಿನ ಯಜಮಾನರು ಕರೆದರು.

"ನೋಡಪ್ಪ, ಹದಿನೇಳು ವರ್ಷದಿಂದ ನಿನ್ನ ಕೈ ನಂಬಿ ಕಣ್ಣು ಮುಚ್ಕೊಂಡಿದೀನಿ. ಆದ್ರೆ ಅದು ಓಡೋ ಚಾಕು. ಇನ್ನೊಂದ್ಸಲ ಹಾಗಾದ್ರೆ ಪ್ಯಾಕಿಂಗಿಗೆ ಹೋಗ್ಬಿಡು. ಬೆರಳು ಬಿದ್ರೆ ಹೊಲಿಯೋ ಟೈಲರ್ ನಮ್ಮಲ್ಲಿಲ್ಲ."

ಪ್ಯಾಕಿಂಗ್ ಎಂದರೆ ಅಂಗಿ ಮಡಚಿ ಕವರಿಗೆ ತುರುಕುವುದು. ಅಲ್ಲಿ ಯಾರನ್ನೂ ಮಾಸ್ಟರ್ ಎನ್ನುವುದಿಲ್ಲ.

ಅಂದಿನಿಂದ ಅವನಿಗೆ ಕಾಯುವುದೇ ಕೆಲಸವಾಯಿತು. ಕಾಫಿ ಬಿಟ್ಟ. ಬಸ್ಸಿನಲ್ಲಿ ಉಸಿರು ಕಟ್ಟೀತೆಂದು ಬಸ್ಸು ಬಿಟ್ಟು ನಡೆದ. ಬೇಗ ನಡೆದರೆ ಎದೆ ಬಡಿದುಕೊಳ್ಳುತ್ತದೆಂದು ನಿಧಾನ ನಡೆದ. ನಿಧಾನ ನಡೆದರೆ ತಡವಾಗುತ್ತದೆಂದು ಎದೆ ಬಡಿದುಕೊಂಡಿತು. ಕ್ಷೌರದಂಗಡಿಯಲ್ಲಿ ಕೊರಳಿಗೆ ಬಟ್ಟೆ ಕಟ್ಟುತ್ತಿದ್ದಂತೆ ಎದ್ದುಬಂದ, ಬಟ್ಟೆ ಸಮೇತ. ಎರಡು ಬೆರಳು ಸದಾ ಕೊರಳಿನ ನಾಡಿಯ ಮೇಲೆ. ಲೆಕ್ಕ ಎಂಬತ್ತು ದಾಟಿದರೆ ಬೆವರುತ್ತಿದ್ದ. ಬೆವರಿದರೆ ತೊಂಬತ್ತಾಗುತ್ತಿತ್ತು.

ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ತಟ್ಟೆಯ ಮುಂದೆ ಕೂತು ಹೆಂಡತಿಗೆ ಹೇಳಿದ: "ಏನಾದ್ರೂ ಒಂದು ಕಾಯಿಲೆ ಅಂತ ಬರೆದುಕೊಟ್ಟಿದ್ರೆ ಮಾತ್ರೆ ನುಂಗ್ಕೊಂಡು ಸುಮ್ನಿರ್ತಿದ್ದೆ ಕಣೇ."

"ಜನ ಕಾಯಿಲೆ ಇಲ್ಲ ಅಂದ್ರೆ ಖುಷಿಪಡ್ತಾರೆ. ನೀವು ಪರೀಕ್ಷೆ ಫೇಲಾದೋರ ಹಾಗೆ ಕೂತಿದೀರಿ."

"ನಿಂಗೆ ಬಂದಿದ್ರೆ ಗೊತ್ತಾಗ್ತಿತ್ತು."

"ನಂಗೆ ಬರೋಕೆ ಪುರುಸೊತ್ತೆಲ್ಲಿದೆ? ನಿಮಗೆ ಬಡಿಸೋದಲ್ದೆ ನಿಮ್ಮ ಹೆದರಿಕೆಗೂ ಒಂದು ತಟ್ಟೆ ಇಡ್ತಿದೀನಿ." ಮಾತು ಖಾರವಾಗಿತ್ತು. ಕಣ್ಣು ಮಾತ್ರ ಅವನ ಕೊರಳ ಮೇಲಿನ ಬೆರಳುಗಳಲ್ಲೇ ಇತ್ತು. ನೀರಿನ ಲೋಟ ಅವನತ್ತ ಸರಿಸಿ ಅಂದಳು: "ಆಗಲ್ಲ ಅಂದ್ರೆ ಇವತ್ತು ರಜೆ ಹಾಕಿ."

"ಇವತ್ತು ಹಾಕಿದ್ರೆ ನಾಳೆನೂ ಹಾಕ್ಬೇಕಾಗುತ್ತೆ" ಎಂದು ಎದ್ದ. ತಟ್ಟೆಯಲ್ಲಿ ಹಾಕಿದ್ದು ಹಾಕಿದ ಹಾಗೇ ಇತ್ತು.

ಅಂದು ಕತ್ತರಿಸಬೇಕಾದದ್ದು ನೂರ ಎಂಬತ್ತು ಅಂಗಿಗಳ ತೋಳು. ತೊಂಬತ್ತು ಪದರ ಹಾಸಿ, ಮೇಲೆ ನಾಲ್ಕು ತೋಳು ಬರೆದ ಕಾಗದ ಇಟ್ಟು, ಒಂದೇ ಏಟಿಗೆ ಕತ್ತರಿಸುವುದು. ಕಾಗದದಲ್ಲಿದ್ದ ನಾಲ್ಕೂ ಎಡತೋಳೇ. ಅದಕ್ಕೇ ಒಂದು ಪದರದ ಹೊಳಪಿನ ಮುಖ ಮೇಲೆ, ಮುಂದಿನದು ಕೆಳಗೆ ಬರುವಂತೆ ಹಾಸಬೇಕು. ಆಗ ಮಗುಚಿದ ಪದರಗಳಿಂದ ಬಲತೋಳು ತಾನಾಗಿ ಸಿಗುತ್ತದೆ. ಹಾಸುವವರು ಹೇಗೇ ಹಾಸಲಿ, ಚಾಕು ಇಡುವ ಮುಂಚೆ ಪದರಗಳ ಅಂಚಿಗೆ ಎರಡು ಬೆರಳು ತೂರಿಸಿ ಮುಖ ನೋಡುವುದು ಮಾಸ್ಟರ್ ಕೆಲಸ. ಹದಿನೇಳು ವರ್ಷದಲ್ಲಿ ಅವನು ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ಹಿಂದಿನ ದಿನದ ಆರ್ಡರಿಗೆ ಎಲ್ಲ ಪದರವನ್ನೂ ಮುಖ ಮೇಲೆ ಮಾಡಿಯೇ ಹಾಸಬೇಕಿತ್ತು. ಉದ್ದಕ್ಕ ಅದೇ ಕೈರೂಢಿಯಲ್ಲಿ ಹಾಸುತ್ತಾ ಹೋಗಿದ್ದಳು. ಹಾಸಿ ಮುಗಿಸಿ, ಸೊಂಟಕ್ಕೆ ಕೈಕೊಟ್ಟು ಕೇಳಿದಳು:

"ಮುಖ ನೋಡಿದ್ರಾ ಮಾಸ್ಟ್ರೇ?"

ಮಾಸ್ಟರ್ ಆಗ ಉಕ್ಕಿನ ಕೈಗವಸು ಕಳಚಿಟ್ಟು ನಾಡಿ ಎಣಿಸುತ್ತಿದ್ದ. ಅರವತ್ತೊಂದು, ಅರವತ್ತೆರಡು. ಗೋಡೆ ಗಡಿಯಾರದಲ್ಲಿ ಇನ್ನೂ ಹತ್ತು ಸೆಕೆಂಡು ಬಾಕಿ. ಬಾಯಿ ತೆರೆದರೆ ಎಣಿಕೆ ತಪ್ಪುತ್ತದೆ. ತಪ್ಪಿದರೆ ಮತ್ತೆ ಮೊದಲಿನಿಂದ. ಅವನು ತಲೆ ಆಡಿಸಿದ.

ಎಪ್ಪತ್ತನಾಲ್ಕಕ್ಕೆ ನಿಂತಿತು. ಕೈಗವಸು ತೊಟ್ಟು ಸ್ವಿಚ್ಚು ಒತ್ತಿದ.

ಮೊದಲ ತಿರುವಿನಲ್ಲಿ ಎದೆಯೊಳಗೆ ಏನೋ ಹೊರಳಿತು. ಡಾಕ್ಟರು ಹೇಳಿದಂತೆ ನಾಲ್ಕು ಎಣಿಸಿ ಉಸಿರೆಳೆದ, ಆರು ಎಣಿಸಿ ಬಿಟ್ಟ. ಬೇಡ, ಈಗ ಬೇಡ, ಈ ತೋಳೊಂದು ಮುಗಿಯಲಿ, ಆಮೇಲೆ ಬೇಕಾದರೆ ಬಾ ಎಂದು ಒಳಗೊಳಗೇ ಅಂಗಲಾಚಿದ. ಒಂದು ಮುಗಿಯಿತು. ಇದೂ ಮುಗಿಯಲಿ ಎಂದ. ನಾಲ್ಕನೆಯ ತೋಳಿನ ಕೊನೆಯ ತಿರುವಿನಲ್ಲಿ ಬನಿಯನ್ನು ಹಿಂಡುವಷ್ಟು ಒದ್ದೆಯಾಗಿತ್ತು. ಗೆರೆ ಮಾತ್ರ ಒಂದೆಳೆಯೂ ಅತ್ತಿತ್ತ ಸರಿದಿರಲಿಲ್ಲ.

"ಬೆಣ್ಣೆ ಕೊಯ್ದ ಹಾಗೆ ಕೊಯ್ದ್ರಲ್ಲ ಮಾಸ್ಟ್ರೇ! ಸುಮ್ಸುಮ್ನೆ ಹೆದರ್ತೀರಿ" ಅಂದಳು ಉದ್ದಕ್ಕ. ಅವನು ಹೆಂಡತಿಗೆ ಫೋನ್ ಮಾಡಿ, "ಬರ್ಲಿಲ್ಲ ಕಣೇ" ಎಂದಷ್ಟೇ ಹೇಳಿ ಇಟ್ಟ. ಅವತ್ತು ಒಂದು ಲೋಟ ಕಾಫಿಯನ್ನೂ ಕುಡಿದ.

ಮೂರು ಗಂಟೆಗೆ ತೋಳು ಜೋಡಿಸುವ ಟೈಲರ್ ಎರಡು ಕಟ್ಟು ಹೊತ್ತು ತಂದು ಟೇಬಲ್ಲಿನ ಮೇಲೆ ಹಾಕಿದಳು.

"ಮಾಸ್ಟ್ರೇ, ಈ ಅಂಗಿ ಹಾಕ್ಕೊಳ್ಳೋರಿಗೆ ಎರಡೂ ಎಡಗೈನಾ?"

ಯಾರೋ ನಕ್ಕರು. ಉದ್ದಕ್ಕ ಒಂದೊಂದೇ ಕಟ್ಟು ಬಿಚ್ಚಿ ನೋಡಿದಳು. ಅವಳು ನೋಡುತ್ತಾ ಹೋದಂತೆ ನಗು ನಿಂತಿತು. ಹಿಂದೆಯೇ ಯಜಮಾನರು ಬಂದರು. ಆ ಬಣ್ಣದ ಬಟ್ಟೆ ಒಂದು ಗೇಣೂ ಉಳಿದಿರಲಿಲ್ಲ.

"ಮತ್ತೆ ಬಂತೇನಪ್ಪ ಅದು?"

ಹೌದೆಂದರೆ ಚಾಕು ಹೋಗುತ್ತದೆ. ಮಾಸ್ಟರ್ "ಇಲ್ಲ" ಎಂದ. ನಿಜವೂ ಅದೇ.

"ಬರ್ಲಿಲ್ವಾ? ಮತ್ತೆ ಮುಖ ಯಾಕೆ ನೋಡ್ಲಿಲ್ಲ?"

"ನಾನು ಕೇಳ್ದೆ ಸಾರ್. ತಲೆ ಆಡಿಸಿದ್ರು" ಎಂದಳು ಉದ್ದಕ್ಕ, ನೆಲ ನೋಡುತ್ತಾ. ಅವಳಿಗೂ ಸಾಕಬೇಕಾದ ಮನೆಯಿತ್ತು.

"ಏನ್ಮಾಡ್ತಿದ್ದೆ ನೀನು?"

"ಎಣಿಸ್ತಿದ್ದೆ."

"ಏನನ್ನ?"

ಅವನ ಎರಡು ಬೆರಳು ಕೊರಳಿಗೆ ಹೋದವು. ಈಗಲಾದರೂ ಬರಲಿ ಎಂದು ಕಾದ. ಇವರೆಲ್ಲರ ಮುಂದೆ ಬಂದು ಕೆಡವಲಿ, ಯಾಕೆಂದು ಎಲ್ಲರೂ ಕಣ್ಣಾರೆ ನೋಡಲಿ. ಇಪ್ಪತ್ತಮೂರು ದಿನ ಹೊಸ್ತಿಲಲ್ಲೇ ನಿಂತಿದ್ದದ್ದು ಕರೆದರೆ ಬರಲಿಲ್ಲ. ಕಾಲು ಗಟ್ಟಿಯಾಗಿತ್ತು, ಉಸಿರು ಸರಾಗವಾಗಿತ್ತು.

"ನಾಳೆಯಿಂದ ಪ್ಯಾಕಿಂಗು" ಎಂದರು ಯಜಮಾನರು.

ಕತ್ತರಿಸಿದ್ದು ಮುನ್ನೂರ ಅರವತ್ತು ತೋಳು, ಎಲ್ಲವೂ ಎಡ. ನೂರ ಎಂಬತ್ತು ಜೋಡಿಯಿಲ್ಲದೆ ಉಳಿದವು, ನೂರ ಎಂಬತ್ತು ಚಿಂದಿಗೆ ಹೋದವು. ಅಂಗಿ ಒಂದೂ ಆಗಲಿಲ್ಲ. ಮಾಸ್ಟರ್ ಒಬ್ಬ ಕಡಿಮೆಯಾದ.