ರಂಗವ್ವನ ಕಣ್ಣಿನ ಪರೀಕ್ಷೆ

ಇಳಕಲ್ಲಿನಲ್ಲಿ ನೆಗಡಿ, ಕೆಮ್ಮು, ಸೊಂಟನೋವು ಯಾರಿಗೆ ಬೇಕಾದರೂ ಬರುತ್ತವೆ. ನನ್ನಂಥ ಹೆಸರಾಂತ ನೇಯ್ಗೆಯವಳಿಗೆ ಅವು ಸಾಲುತ್ತವೆಯೇ? ನನಗೆ ಬಂದದ್ದು ಲೂಪಸ್! ಎರಡು ಸಾವಿರದ ಮೂರನೇ ಇಸವಿಯಲ್ಲಿ ಮೂಗಿನ ಎರಡೂ ಕಡೆ ಕೆಂಪು ಪಾತರಗಿತ್ತಿಯೊಂದು ರೆಕ್ಕೆ ಬಿಚ್ಚಿ ಕೂತಿತು. ಆ ಕೆಂಪು ನೋಡಿ ಗುಳೇದಗುಡ್ಡದವರು ಕುಪ್ಪಸದ ಖಣಕ್ಕೆ ಇದೇ ಬಣ್ಣ ಬೇಕೆಂದು ಓಡಿ ಬರಬೇಕಿತ್ತು, ಯಾಕೋ ಬರಲಿಲ್ಲ. ಕೀಲುಗಳಂತೂ ಮಗ್ಗಕ್ಕಿಂತ ಜೋರಾಗಿ ಸದ್ದು ಮಾಡತೊಡಗಿದವು.

ಬಾಗಲಕೋಟೆಯ ಡಾಕ್ಟರು ಹೇಳಿದರು: "ನಿನ್ನ ಮೈಯಾಗಿನ ರೋಗ ತಡಿಯೂ ಶಕ್ತಿನೇ ನಿನ್ನ ಮ್ಯಾಲೆ ತಿರುಗಿ ಬಿದ್ದೈತಿ ಶಾರವ್ವಾ. ಸ್ಟಿರಾಯ್ಡ್ ಗುಳಿಗಿ ಕೊಡ್ತೇನಿ. ಆದ್ರ ಈ ಜಡ್ಡಿನಿಂದಲೂ, ಈ ಗುಳಿಗಿಯಿಂದಲೂ ಕಣ್ಣಿನೊಳಗ ಒತ್ತಡ ಏರಬಹುದು. ಗ್ಲಾಕೋಮಾ ಅಂತಾರ. ನೋವೂ ಇರೂದಿಲ್ಲ, ಸುಳಿವೂ ಇರೂದಿಲ್ಲ. ಆರಾರು ತಿಂಗಳಿಗೆ ಕಣ್ಣು ತೋರಸಬೇಕು."

ಮನೆಗೆ ಬಂದು ಹೇಳಿದರೆ ಅತ್ತೆ ರಂಗವ್ವ ನಕ್ಕಳು. "ಕಣ್ಣು ನೋಡಾಕ ಬಾಗಲಕೋಟಿ ತನಕ ಯಾಕ? ಮನ್ಯಾಗ ಮಗ್ಗ ಇಲ್ಲೇನು?"

ನೇಕಾರರ ಓಣಿಯ ಕಣ್ಣಿನ ಪರೀಕ್ಷೆ ಎಂದರೆ ಒಂಟಿ ರೇಷ್ಮೆ ಎಳೆಯನ್ನು ಮಗ್ಗದ ಬಾಚಣಿಗೆಯಂಥ ಹಣಿಗೆಯ ಸೀಳಿನಲ್ಲಿ ತೂರಿಸುವುದು. ನಾನು ಉಸಿರು ಬಿಡುವಷ್ಟರಲ್ಲಿ ತೂರಿಸಿದೆ. ಸ್ವಲ್ಪ ಪುರುಸೊತ್ತು ಕೊಟ್ಟಿದ್ದರೆ ಆನೆಯನ್ನೂ ತೂರಿಸುತ್ತಿದ್ದೆ.

"ಹದ್ದಿನ ಕಣ್ಣ ನಮ್ಮ ಶಾರಿವು!" ಎಂದು ಗಂಡ ಹಣಮಪ್ಪ ಬಸ್ಸಿನ ಖರ್ಚು ಉಳಿದ ಸಂತೋಷಕ್ಕೆ ಭಜಿ ತಂದ.

ಎರಡು ವರ್ಷ ಈ ಪರೀಕ್ಷೆಯಲ್ಲಿ ನಾನೇ ಫಸ್ಟ್ ಕ್ಲಾಸ್. ಅಷ್ಟರಲ್ಲಿ ನಮ್ಮ ಮನೆಯ ಬಾಗಿಲ ಚೌಕಟ್ಟುಗಳು ತಾವಾಗಿಯೇ ಎದ್ದು ಬಂದು ನನ್ನ ಎಡಭುಜಕ್ಕೆ ಹೊಡೆಯುವುದನ್ನು ಕಲಿತವು. ಆಡು ಕಾಲಿಗೆ ಅಡ್ಡ ಬಂತು. ಬೈದೆ. ಸುಮ್ಮನಿತ್ತು, ಅಂದರೆ ತಪ್ಪು ಅದರದ್ದೇ.

ಒಂದು ದಿನ ನಮಗೆ ನೂಲು ಕೊಟ್ಟು ಸೀರೆ ಒಯ್ಯುವ ಯಾಕೂಬಸಾಬ ಸೀರೆಯೊಂದನ್ನು ವಾಪಸು ತಂದು ನನ್ನೆದುರು ಬಿಚ್ಚಿದ.

"ತಂಗೀ, ಸೀರಿ ನೇದಿಯೋ, ಮೀನಿನ ಬಲಿ ಹೆಣದಿಯೋ? ಎಡಗಡೆ ದಡಿ ಅಂಚು ನೋಡು, ಮೊಳದುದ್ದ ಎಳಿ ಹರದಾವು."

"ನನ್ನ ಕೈಯಾಗ ಎಳಿ ಹರಿಯೂದಂದ್ರ ಸೂರ್ಯ ಪಡುವಣಕ್ಕ ಹುಟ್ಟಬೇಕ್ರಿ ಅಣ್ಣಾರ!"

"ನನ್ನ ಮಾತು ಬಿಡು. ನಿಮ್ಮತ್ತಿನ್ನ ಕೇಳು."

"ಆಕಿ ಎಲ್ಲಿ ಅದಾಳ್ರಿ? ಮುದಿಕಿ ಹೊರಗ ಹೋದ್ರ ಈ ಮನಿ ಸ್ವರ್ಗ ನೋಡ್ರಿ!"

ನನ್ನ ಎಡಕ್ಕೆ, ಕೈಗೆಟಕುವಷ್ಟು ಹತ್ತಿರ, ಜೋಳ ಹಸನು ಮಾಡುತ್ತಿದ್ದ ಮೊರ ದಡ್ಡನೆ ಬಿತ್ತು. ತಿರುಗಿದೆ. ಅತ್ತೆ! ಬೈಗುಳದ ಮಳೆಗೆ ತಲೆ ತಗ್ಗಿಸಿದೆ. ಆಕೆ ಬೈಯಲಿಲ್ಲ.

"ಶಾರೀ... ನಾ ನಿನಗ ಖರೇನ ಕಾಣಲಿಲ್ಲೇನ?" ಎಂದಳು, ಮೆಲ್ಲಗೆ.

ಮದುವೆಯಾದಾಗಿನಿಂದ ಆಕೆ ಮೆಲ್ಲಗೆ ಮಾತಾಡಿದ್ದು ಅದೇ ಮೊದಲು.

ಮರುದಿನ ಅತ್ತೆ, ಗಂಡ, ನಾನು ಮೂವರೂ ಬಾಗಲಕೋಟೆಗೆ ಹೋದೆವು. ಕಣ್ಣಿನ ಡಾಕ್ಟರು ಒತ್ತಡ ಅಳೆದು, ಅತ್ತೆಯ ಎಳೆ ಪರೀಕ್ಷೆಯ ಕಥೆ ಕೇಳಿ ತಲೆಯಾಡಿಸಿದರು. "ಸುತ್ತಲಿನ ನೋಟ ಮೊದಲು ಹೋಗ್ತೈತಿ, ನಡುವಿಂದು ಕಡೀಕ. ಅದಕ್ಕ ನೀವು ಎಳಿ ತೂರಿಸಿದ್ರಿ. ಎಡಗಣ್ಣಾಗ ಹೋದದ್ದು ಹೊಳ್ಳಿ ಬರೂದಿಲ್ಲ. ಬಲಗಣ್ಣಾಗೂ ಶುರು ಆಗೇತಿ. ಉಳದದ್ದನ್ನ ಉಳಸೂಣು."

"ಹಂಗಾರ ಆ ಗುಳಿಗಿ ಇವತ್ತ ಬಂದ್ ಮಾಡಸ್ತೇನ್ರಿ," ಎಂದು ನನ್ನ ಗಂಡನೆಂಬ ಧನ್ವಂತರಿ ನುಡಿದ.

"ಮಾಡಸ್ರಿ. ಕಣ್ಣು ಉಳದು, ಈ ಜಡ್ಡಿಗೆ ಕಿಡ್ನಿ ಹೋಗ್ತಾವು. ಗುಳಿಗಿ ಕಮ್ಮಿ ಮಾಡೂದು ಆ ಡಾಕ್ಟರ ಕೆಲಸ, ನಾ ಅವರ ಕೂಡ ಮಾತಾಡ್ತೇನಿ. ನೀವು ದಿನಾ ಕಣ್ಣಿಗೆ ಔಷಧದ ಹನಿ ಹಾಕ್ರಿ, ಸಾಕು."

ನಾನು ಮಗ್ಗ ಬಿಡಲಿಲ್ಲ. ಬಿಟ್ಟರೆ ಇಳಕಲ್ಲಿನ ಹೆಸರೇನಾದೀತು? ಈಗ ಲಾಳಿ ಓಡಿದಾಗಲೆಲ್ಲ ಕತ್ತು ಎಡಕ್ಕೆ ತಿರುಗಿಸುತ್ತೇನೆ. ಅಲ್ಲಿ ಅತ್ತೆ ಕೂತಿರುತ್ತಾಳೆ. ಎಳೆ ಹರಿದರೆ ಕೂಗುವುದು ಆಕೆಯ ಕೆಲಸ. ಹರಿಯದಿದ್ದರೂ ಕೂಗುತ್ತಾಳೆ.

"ಎಡಕ್ಕ ನೋಡ ಶಾರೀ, ಎಡಕ್ಕ! ನಾ ಕಂಡ್ನೇನ?"

"ಕಂಡಿ ಅತ್ತೀ. ಇಷ್ಟಗಲ ಕಂಡಿ."

"ಹಂಗ ಕಾಣತಿರಲಿ," ಎನ್ನುತ್ತಾ ಇನ್ನಷ್ಟು ಹತ್ತಿರ ಸರಿಯುತ್ತಾಳೆ.