ಸಿಗ್ನಲ್‌ನಲ್ಲಿ ಸುಮ್ಮನಾದ ಕಾರು

೨೦೦೮ರಲ್ಲಿ ಒಂದು ಕಾರು ಕೊಳ್ಳಲು ಆರು ತಿಂಗಳು ಗ್ರಾಫ್ ಬರೆದವನು ವಿಮಾನಪುರದಲ್ಲಿ ನಾನೊಬ್ಬನೇ ಇರಬೇಕು. ಎಲೆಕ್ಟ್ರಿಕ್ ಕಾರಾದರೆ ಚಾರ್ಜ್ ಮಾಡಲು ನಮ್ಮ ಮೂರನೇ ಮಹಡಿಯಿಂದ ವೈರು ಇಳಿಬಿಡಬೇಕಿತ್ತು. ಡೀಸೆಲ್ ಕಾರು ಸಿಗ್ನಲ್‌ನಲ್ಲಿ ನಿಂತಾಗಲೂ ಎಣ್ಣೆ ಕುಡಿಯುತ್ತದೆ. ಹೈಬ್ರಿಡ್ ಮಾತ್ರ ನಿಂತ ಕೂಡಲೇ ತಾನೇ ಎಂಜಿನ್ ಆರಿಸಿಕೊಳ್ಳುತ್ತದೆ ಎಂದು ಹೆಂಡತಿ ಶ್ರೀವಿದ್ಯಾಗೆ ದಿನಾ ಪಾಠ ಮಾಡುತ್ತಿದ್ದೆ.

"ಭಾನುವಾರ ಒಂದ್ಸಲ ಓಡಿಸಿ ನೋಡಿ. ಆಮೇಲೂ ನೀವು ತೀರ್ಮಾನ ಮಾಡದಿದ್ರೆ ನಾನೇ ಮಾಡ್ತೀನಿ," ಎಂದಳು.

ಗೆಳೆಯ ಶ್ರೀಹರಿಯ ಹೊಸ ಹೈಬ್ರಿಡ್ ಕೇಳಿ ತಂದು ಇಬ್ಬರೂ ಹೊರಟೆವು. ಹಲಸೂರಿನ ಸಿಗ್ನಲ್‌ನಲ್ಲಿ ಎಂಜಿನ್ ಸದ್ದು ನಿಂತಿತು. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ವಿಮಾನದ ಎಂಜಿನ್ ಪರೀಕ್ಷಿಸಿದವನು ನಾನು. ಅಲ್ಲಿ ಸದ್ದು ನಿಂತರೆ ಎಲ್ಲರೂ ಓಡಿಬರುತ್ತಾರೆ. ಗಿಯರನ್ನು ನ್ಯೂಟ್ರಲ್‌ಗೆ ತಂದು, ಕೆಳಗಿಳಿದು, ಕಾರನ್ನು ತಳ್ಳತೊಡಗಿದೆ.

"ಏನ್ ಸಾರ್, ಹೊಸ ಗಾಡಿ, ಆಗ್ಲೇ ತಳ್ತಿದ್ದೀರಾ?" ಎಂದ ಪಕ್ಕದ ಆಟೋದವನು.

ಶ್ರೀವಿದ್ಯಾ ಕಿಟಕಿಯಿಂದ ಇಣುಕಿದಳು. "ರೀ, ಕೆಟ್ಟಿಲ್ಲ ಅದು. ಆರು ತಿಂಗಳಿಂದ ನೀವು ಹೊಗಳ್ತಿದ್ದದ್ದು ಇದನ್ನೇ. ಹತ್ತಿ, ಹಸಿರು ಬಿತ್ತು!"

ಮನೆ ಸೇರುವಷ್ಟರಲ್ಲಿ ತೀರ್ಮಾನ ಅವಳದಾಗಿತ್ತು. "ಹೈಬ್ರಿಡ್ ಒಳ್ಳೇದೇ. ಆದ್ರೆ ನಿಮಗೆ ಸದ್ದು ಬೇಕು."

ಈಗ ಪ್ರತಿ ಸಿಗ್ನಲ್‌ನಲ್ಲೂ ನಮ್ಮ ಡೀಸೆಲ್ ಕಾರು ಗುಡುಗುಡು ಎನ್ನುತ್ತದೆ, ನಾನು ನಿಶ್ಚಿಂತೆಯಿಂದ ಕೂತಿರುತ್ತೇನೆ. ಗ್ರಾಫ್‌ಗಳು ಮಾತ್ರ ಇನ್ನೂ ಹೈಬ್ರಿಡ್ ಪರವಾಗಿಯೇ ಇವೆ.