ಮೂರು ಬಟ್ಟಲು

ಬೀಗ ರಿಪೇರಿಯವನಿಗೆ ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಒಲೆಯ ಮೇಲೆ ನೀರಿಟ್ಟು ಗೊತ್ತಿರಲಿಲ್ಲ. ಈಗ ನೋಡಿದರೆ ಅಡುಗೆಮನೆಯ ತುಂಬ ಅವನು ತಂದ ಡಬ್ಬಿಗಳೇ: ಬೂಷ್ಟು ಹಿಡಿಸಿದ ಚೀಸು, ಕಡಲಪಾಚಿಯ ಹಾಳೆ, ವರ್ಷಗಟ್ಟಲೆ ಕೊಳೆಸಿದ ಮೀನಿನ ರಸ. ಬಂದರಿನ ಹತ್ತಿರದ ವಿದೇಶಿ ಸಾಮಾನಿನ ಅಂಗಡಿಗೆ ಅವನು ಖಾಯಂ ಗಿರಾಕಿಯಾಗಿದ್ದ.

ಇದೆಲ್ಲ ಹೆಂಡತಿಗಾಗಿ. ಅವಳು ಬಿಸ್ಕತ್ತು ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸದವಳು. ಒಂದು ಚಿಟಿಕೆ ಉಪ್ಪು ಹೆಚ್ಚಾದರೂ ಅವಳ ನಾಲಿಗೆಗೆ ಗೊತ್ತಾಗುತ್ತಿತ್ತು. ಅವಳು ಹೂಂ ಅನ್ನದೆ ಒಂದು ಪೊಟ್ಟಣವೂ ಗೇಟು ದಾಟುತ್ತಿರಲಿಲ್ಲ. ಮೂರು ತಿಂಗಳ ಹಿಂದೆ ಬಂದ ಹಾಳು ಜ್ವರ ಹೋಗುವಾಗ ರುಚಿ, ವಾಸನೆ ಎರಡನ್ನೂ ಗಂಟು ಕಟ್ಟಿಕೊಂಡು ಹೋಯಿತು. "ಬಂದ್ರೂ ಬರಬಹುದು, ಬರದೇನೂ ಇರಬಹುದು," ಎಂದರು ಡಾಕ್ಟರು. ಇಷ್ಟು ಹೇಳಲು ಅಷ್ಟೊಂದು ಓದಬೇಕಿತ್ತೇ ಎಂದು ಬೀಗದವನಿಗೆ ಮೈಯೆಲ್ಲ ಉರಿಯಿತು. ಕಾರ್ಖಾನೆಯವರು ಒಂದು ಪರೀಕ್ಷೆ ಇಟ್ಟರು, ಒಂದೇ ಒಂದು ಸಲ. ಗೆದ್ದರೆ ಹಳೆಯ ಕೆಲಸ, ಸೋತರೆ ನಿವೃತ್ತಿಯವರೆಗೂ ಪೆಟ್ಟಿಗೆಗಳಿಗೆ ಅಂಟು ಹಚ್ಚುವುದು.

"ಮಣ್ಣೂ ಒಂದೇ, ಊಟವೂ ಒಂದೇ ನನಗೆ," ಎಂದು ಅವಳು ತಟ್ಟೆ ಸರಿಸತೊಡಗಿದಳು. ಸೀರೆ ಹೆಗಲಲ್ಲಿ ನಿಲ್ಲದಷ್ಟು ಸೊರಗಿದಳು.

ತೆರೆಯದ ಬೀಗಕ್ಕೆ ಗೊಂಚಲಿನ ಬೀಗದಕೈಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡುವುದು ಅವನ ಕಸುಬು. ಗೊತ್ತಿರುವ ರುಚಿಗೆ ತೆರೆಯದ ನಾಲಿಗೆ ಗೊತ್ತಿಲ್ಲದ ರುಚಿಗಾದರೂ ತೆರೆದೀತು ಎಂದು ಲೆಕ್ಕ ಹಾಕಿದ. ಚೀಸನ್ನು ಹಾಲಿನಲ್ಲಿ ಕುದಿಸಿದ. ಗಂಜಿಗೆ ಮೀನಿನ ರಸ ಸುರಿದ ದಿನ ಪಕ್ಕದ ಮನೆಯವರು ಬಂದು, "ನಿಮ್ಮ ಕಡೆ ಚರಂಡಿ ಏನಾದ್ರೂ ಒಡೀತಾ?" ಎಂದು ವಿಚಾರಿಸಿಕೊಂಡು ಹೋದರು. ಅವಳು ಮಾತ್ರ ಅದನ್ನು ನೀರು ಕುಡಿದಂತೆ ಕುಡಿದಳು.

ಪರೀಕ್ಷೆಯ ರೀತಿಯನ್ನು ಅವಳೇ ಹೇಳಿಕೊಟ್ಟಳು. ಮೂರು ಬಟ್ಟಲು, ಎರಡರಲ್ಲಿ ಒಂದೇ ರುಚಿ, ಒಂದರಲ್ಲಿ ಬೇರೆ. ಬೇರೆಯದನ್ನು ತೋರಿಸಬೇಕು. ಅವನು ಕಡಲಪಾಚಿ ಬೇಯಿಸಿದ ನೀರನ್ನು ಮೂರಕ್ಕೂ ತುಂಬಿ, ಒಂದಕ್ಕೆ ಮಾತ್ರ ಮೀನಿನ ರಸದ ನಾಲ್ಕು ತೊಟ್ಟು ಬೆರೆಸಿ, ಪುಟ್ಟ ಮೇಜಿನ ಈಚೆ ಅವಳಿಗೆ ಎದುರಾಗಿ ಕುಳಿತ. ಮೊದಲ ವಾರವೆಲ್ಲ ತಪ್ಪು. ಎರಡನೆಯ ವಾರ ಒಂದು ಸಂಜೆ ಅವಳ ಚಮಚ ಮಧ್ಯದ ಬಟ್ಟಲ ಮೇಲೆ ನಿಂತಿತು.

"ಇದು ಕಣ್ರೀ. ನಾಲಿಗೆ ತುದೀಲಿ ಏನೋ ಚುರ್ ಅಂತು."

ಸರಿಯಾಗಿತ್ತು. ಮರುದಿನವೂ ಸರಿ. ಆ ವಾರದ ಕೊನೆಗೆ ಹತ್ತಕ್ಕೆ ಹತ್ತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವನು ಕುಣಿಯುವುದೊಂದು ಬಾಕಿ.

"ಇನ್ನೊಂದು ತಿಂಗಳು ಟೈಮ್ ಕೇಳ್ಲಾ? ಕೊಡ್ತಾರೆ," ಎಂದಳು ಅವಳು.

"ಹತ್ತಕ್ಕೆ ಹತ್ತು ಬಂದ ಮೇಲೆ ಇನ್ನೇನು ಕೇಳೋದು? ಸುಮ್ನೆ ಹೋಗಿ ಬಾ," ಎಂದು ಅವನೇ ಕಳಿಸಿದ.

ಪರೀಕ್ಷೆಯ ದಿನ ಮಧ್ಯಾಹ್ನಕ್ಕೇ ಅವಳು ಮರಳಿದಳು. ಚಪ್ಪಲಿ ಬಿಡದೆ ಕುಳಿತುಕೊಂಡಳು. "ಸುತ್ತ ಗೋಡೆ. ಪುಟ್ಟ ಕಿಟಕಿಯಿಂದ ಬಟ್ಟಲು ಬರುತ್ತೆ, ಕೊಡೋರ ಕೈ ಬಿಟ್ರೆ ಏನೂ ಕಾಣಲ್ಲ. ಹನ್ನೆರಡರಲ್ಲಿ ನಾಲ್ಕು ಸರಿ. ಕಣ್ಮುಚ್ಚಿ ಹೇಳಿದ್ರೂ ಅಷ್ಟು ಬರುತ್ತೆ ಅಂದ್ರು."

"ಮೋಸ! ಏನೋ ಮಾಡಿದ್ದಾರೆ ಅವರು," ಎಂದು ಕೂಗಾಡಿ ಅವನು ಆಗಲೇ ಮೂರು ಬಟ್ಟಲು ತುಂಬಿಸಿ ತಂದ. ಅವಳು ಒಂದೊಂದನ್ನೂ ಚಪ್ಪರಿಸಿ, ಕೊನೆಯದನ್ನು ತೋರಿಸಿದಳು. ಸರಿ. ಬಟ್ಟಲು ಅದಲುಬದಲು ಮಾಡಿಟ್ಟ. ಮತ್ತೆ ಸರಿ.

"ನೋಡಿದ್ಯಾ!" ಎಂದವನು ಅಲ್ಲಿಗೇ ನಿಂತ. ಅವಳು ಬಟ್ಟಲನ್ನು ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದಳು. ಇಸ್ಪೀಟಿಗೆ ಕೂತಾಗಲೆಲ್ಲ ಅವಳ ತಮ್ಮ ನಗುತ್ತ ಹೇಳುತ್ತಿದ್ದ ಮಾತು ನೆನಪಾಯಿತು: "ಭಾವನ ಎಲೆ ಕದ್ದು ನೋಡೋದ್ಯಾಕೆ, ಮುಖ ನೋಡಿದ್ರೆ ಸಾಕಲ್ವಾ?"

ಮತ್ತೊಮ್ಮೆ ತುಂಬಿಸಿಟ್ಟು, ಅವಳಿಗೆ ಬೆನ್ನು ಮಾಡಿ ನಿಂತ. ಚಮಚದ ಸದ್ದು ಮೂರು ಸಲ ಕೇಳಿಸಿತು. ಅವಳು, "ಮೊದಲನೇದು," ಎಂದಳು. ಅದು ಮೂರನೆಯದು. ಇನ್ನೊಮ್ಮೆ ಇಟ್ಟ, ತಪ್ಪು. ಮತ್ತೊಮ್ಮೆ ಇಟ್ಟ, ಅದೂ ತಪ್ಪು.

"ನನ್ನ ಮುಖ ನೋಡಿ ಹೇಳ್ತಿದ್ದೆ ಅಂತ ಗೊತ್ತಿತ್ತಾ ನಿನಗೆ?" ಗೋಡೆಗೇ ಕೇಳಿದ.

"ಇಲ್ಲ ರೀ. ನಿಮ್ಮಾಣೆ. ರುಚಿ ಅಂತಾನೇ ಅಂದ್ಕೊಂಡಿದ್ದೆ."

ಕೇಳಿದ್ದರೆ ಸಿಗುತ್ತಿದ್ದ ಒಂದು ತಿಂಗಳನ್ನೂ ತಾನೇ ಕಳೆದೆನಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆ ತಿಂಗಳಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದು ಅದಕ್ಕಿಂತ ಕೆಟ್ಟದ್ದಾಗಿತ್ತು.

"ಈ ಕಡೆ ತಿರುಗಿ," ಎಂದಳು ಅವಳು. "ನಿಮ್ಮನ್ನ ನೋಡ್ತಾ ಆದ್ರೂ ನಾಲ್ಕು ತುತ್ತು ತಿಂತೀನಿ."

ಅವನು ತಿರುಗಿ ಕುಳಿತ. ಬಟ್ಟಲು ಎತ್ತಿ ಒಂದು ಗುಟುಕು ಕುಡಿದ. ಅವಳು ಚಮಚ ಹಿಡಿದು ಅವನ ಮುಖವನ್ನೇ ನೋಡುತ್ತ ಕಾದಳು. ಅವನು ಮುಖ ಕಿವುಚುವುದನ್ನು ತಡೆದುಕೊಂಡು ಹುಬ್ಬೇರಿಸಿದ, ತುಟಿ ಚಪ್ಪರಿಸಿದ, ಆಹಾ ಎಂದ. ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿ, ಚಮಚವನ್ನು ಮೇಜಿನ ಮೇಲಿಟ್ಟಳು.